ಭೇದಿ ನಿಂತರೂ ಜ್ವರ ಬಿಡುತ್ತಿಲ್ಲ, ಜತೆಗೆ ಬೆನ್ನುನೋವು: ಮಹಾಪಧಮನಿಯ ಸೋಂಕು ಇರಬಹುದೇ? ಮಧುಮೇಹಿಗಳು, ಕಾಶಿ ಯಾತ್ರಿಕರು ತಿಳಿದಿರಬೇಕಾದ ವಿಷಯ

ಕಾಶಿ ಯಾತ್ರೆಗೆ ಹೋದವರಿಗೆ ಅಲ್ಲಿ ಒಂದೆರಡು ದಿನ ಹೊಟ್ಟೆ ಕೆಟ್ಟು ಭೇದಿಯಾಗುವುದು ಹೊಸ ಸಂಗತಿಯಲ್ಲ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೊಂಡು ನುಂಗಿ, ಓಆರ್‌ಎಸ್ ಕುಡಿದು ರೈಲು ಹತ್ತುತ್ತಾರೆ. ಊರಿಗೆ ಬಂದು ಕಾಶಿ ಸಮಾರಾಧನೆ ಮುಗಿಸುವ ಹೊತ್ತಿಗೆ ಅದು ಮರೆತೂ ಹೋಗಿರುತ್ತದೆ. ಬಹುತೇಕರ ಪಾಲಿಗೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ವಯಸ್ಸು ಅರುವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಅಥವಾ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಕೆಲವೇ ಕೆಲವರಲ್ಲಿ, ಭೇದಿ ತಂದ ಬ್ಯಾಕ್ಟೀರಿಯಾ ಕರುಳಿನಿಂದ ರಕ್ತಕ್ಕೆ ದಾಟಿ ದೇಹದ ಅತಿ ದೊಡ್ಡ ರಕ್ತನಾಳದ ಗೋಡೆಯಲ್ಲಿ ಮನೆ ಮಾಡಿರುತ್ತದೆ. ಎರಡು ಮೂರು ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾಗುತ್ತದೆ. ಅದನ್ನು ರೈಲು ಪ್ರಯಾಣದ ಆಯಾಸ ಎಂದುಕೊಂಡು ಎಣ್ಣೆ ಹಚ್ಚಿ ಮಲಗುವವರೇ ಹೆಚ್ಚು.

ಇದು ಅಪರೂಪದ ಕಾಯಿಲೆ. ಆದರೆ ತಡವಾದರೆ ಜೀವ ಉಳಿಯುವುದು ಕಷ್ಟ. ಬೇಗ ಗುರುತಿಸಿದರೆ ಚಿಕಿತ್ಸೆ ಇದೆ. ಗುರುತಿಸಲು ಬೇಕಾದ ಮೊದಲ ಸುಳಿವು ಹಲವು ಬಾರಿ ಸ್ಕ್ಯಾನ್‌ನಲ್ಲಲ್ಲ, ರೋಗಿಯ ಮನೆಯವರ ನೆನಪಿನಲ್ಲಿರುತ್ತದೆ.

ಏನಿದು ಮಹಾಪಧಮನಿಯ ಸೋಂಕು?

ಹೃದಯದ ಎಡಭಾಗದಿಂದ ಹೊರಟು, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಮುಂದೆ ನೇರವಾಗಿ ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗುವ ರಕ್ತನಾಳವೇ ಮಹಾಪಧಮನಿ, ಅಂದರೆ ಅಯೋರ್ಟಾ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಇದರ ಮೂಲಕ ಹರಿಯುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಹೆಚ್ಚುಕಡಿಮೆ 2 ಸೆಂಟಿಮೀಟರ್. ಅದು 3 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉಬ್ಬಿದರೆ ಅನ್ಯೂರಿಸಂ ಎನ್ನುತ್ತಾರೆ.

ಈ ನಾಳದ ಗೋಡೆಗೆ ಮೂರು ಪದರಗಳಿವೆ. ರಕ್ತ ತಾಗುವ ಒಳಪದರ ನುಣುಪಾಗಿರುತ್ತದೆ. ಆರೋಗ್ಯವಾಗಿರುವಾಗ ಅಲ್ಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳುವುದೇ ಕಷ್ಟ. ರಕ್ತದ ರಭಸ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಆದರೆ ವಯಸ್ಸು, ಧೂಮಪಾನ, ರಕ್ತದೊತ್ತಡ, ಮಧುಮೇಹದಿಂದ ಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣ ಕಟ್ಟಿ ಒಳಪದರ ಒರಟಾಗಿದ್ದರೆ ರಕ್ತದಲ್ಲಿ ತೇಲಿ ಬಂದ ಬ್ಯಾಕ್ಟೀರಿಯಾಗೆ ಅಲ್ಲಿ ನೆಲೆ ಸಿಗುತ್ತದೆ. ಇದು ಸೋಂಕಿನ ಮುಖ್ಯ ದಾರಿ. ಇನ್ನೊಂದು ದಾರಿಯೂ ಇದೆ. ಮಹಾಪಧಮನಿಯ ಗೋಡೆ ಎಷ್ಟು ದಪ್ಪವೆಂದರೆ ಅದಕ್ಕೇ ಪ್ರತ್ಯೇಕವಾಗಿ ರಕ್ತ ಕೊಡುವ ಪುಟ್ಟ ನಾಳಗಳಿವೆ. ಹೃದಯದ ಕವಾಟಕ್ಕೆ ಸೋಂಕು ತಗುಲಿದವರಲ್ಲಿ ಅಲ್ಲಿಂದ ಕಳಚಿದ ಸೋಂಕಿನ ತುಣುಕುಗಳು ಈ ಪುಟ್ಟ ನಾಳಗಳಲ್ಲಿ ಸಿಕ್ಕಿಕೊಂಡು ಗೋಡೆಯನ್ನು ಒಳಗಿನಿಂದಲೇ ಕೊಳೆಸುತ್ತವೆ. ಪಕ್ಕದ ಬೆನ್ನುಮೂಳೆಗೋ ದುಗ್ಧಗ್ರಂಥಿಗೋ ತಗುಲಿದ ಸೋಂಕು ನೇರವಾಗಿ ನಾಳಕ್ಕೆ ಹಬ್ಬುವುದುಂಟು.

ಗೋಡೆಗೆ ಸೋಂಕು ತಗುಲಿ ಉರಿಯೂತವಾದ ಸ್ಥಿತಿಯೇ ಅಯೋರ್ಟೈಟಿಸ್. ಸೋಂಕು ಮುಂದುವರಿದು ಗೋಡೆ ಸವೆದರೆ ಒಂದು ಕಡೆ ಚೀಲದಂತೆ ಉಬ್ಬುತ್ತದೆ. ಸಾಮಾನ್ಯ ಅನ್ಯೂರಿಸಂ ವರ್ಷಕ್ಕೆ ಕೆಲವು ಮಿಲಿಮೀಟರ್‌ಗಳಷ್ಟು ನಿಧಾನವಾಗಿ ಬೆಳೆದರೆ, ಸೋಂಕಿನಿಂದಾದದ್ದು ಕೆಲವೇ ದಿನಗಳಲ್ಲಿ ದೊಡ್ಡದಾಗಬಲ್ಲದು. ಹಾಗಾಗಿ ‘ಇನ್ನೂ ಚಿಕ್ಕದಾಗಿದೆ, ಆರು ತಿಂಗಳ ನಂತರ ನೋಡೋಣ’ ಎಂಬ ಮಾತು ಇಲ್ಲಿ ಅನ್ವಯಿಸುವುದಿಲ್ಲ. ಗಂಡಸರಲ್ಲಿ ಸಾಮಾನ್ಯ ಅನ್ಯೂರಿಸಂಗೆ ಶಸ್ತ್ರಚಿಕಿತ್ಸೆ ಬೇಕೇ ಎಂದು ನಿರ್ಧರಿಸಲು ಬಳಸುವ 5.5 ಸೆಂಟಿಮೀಟರ್ ಎಂಬ ಅಳತೆಗೂ ಇಲ್ಲಿ ಅರ್ಥವಿಲ್ಲ.

ಹೆಸರಿನಲ್ಲೇ ಇರುವ ಗೊಂದಲ

ವೈದ್ಯರ ಚೀಟಿಯಲ್ಲಿ ಇದನ್ನು ‘ಮೈಕೋಟಿಕ್ ಅನ್ಯೂರಿಸಂ’ ಎಂದು ಬರೆದಿರುವುದನ್ನು ನೋಡಿ ಇಂಟರ್ನೆಟ್‌ನಲ್ಲಿ ಹುಡುಕಿದವರು ಶಿಲೀಂಧ್ರ ರೋಗ ಎಂದುಕೊಳ್ಳುತ್ತಾರೆ. ಮೈಕೋಟಿಕ್ ಎಂದರೆ ಶಿಲೀಂಧ್ರಕ್ಕೆ ಸಂಬಂಧಿಸಿದ್ದು ಎಂಬುದೇನೋ ನಿಜ. ಆದರೆ ಈ ಹೆಸರಿಟ್ಟ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್‌ನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಹೃದಯ ಕವಾಟದ ಸೋಂಕಿನ ಬಗ್ಗೆ ಉಪನ್ಯಾಸ ಕೊಡುವಾಗ ಹೇಳಿದ್ದು ಅದರ ರೂಪದ ಬಗ್ಗೆ. ಅಣಬೆಯಂತೆ ಉಬ್ಬಿದ್ದರಿಂದ ಆ ಹೆಸರು ಬಂತು. ಬಹುಪಾಲು ಪ್ರಕರಣಗಳಲ್ಲಿ ಕಾರಣ ಬ್ಯಾಕ್ಟೀರಿಯಾವೇ. ಈಗಿನ ತಜ್ಞರು ‘ಸೋಂಕಿತ ಮಹಾಪಧಮನಿ ಅನ್ಯೂರಿಸಂ’ ಎಂಬ ಅರ್ಥದ ಹೆಸರನ್ನೇ ಬಳಸಿ ಎನ್ನುತ್ತಿದ್ದಾರೆ. ಆದರೂ ಹಳೆಯ ಹೆಸರು ಆಸ್ಪತ್ರೆಗಳಲ್ಲಿ ಇನ್ನೂ ಉಳಿದುಕೊಂಡಿದೆ.

ಆಸ್ಲರ್ ಕಾಲದಲ್ಲಿ ಕವಾಟದ ಸೋಂಕೇ ಇದರ ಮೂಲವಾಗಿತ್ತು. ಸಿಫಿಲಿಸ್‌ನಿಂದ ಎದೆಯ ಭಾಗದ ಮಹಾಪಧಮನಿ ಹಾಳಾಗುವುದೂ ಆಗ ಸಾಮಾನ್ಯವಾಗಿತ್ತು. ಪೆನ್ಸಿಲಿನ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಹೆಚ್ಚಾಗಿ ಕಾಣುವುದು ಎರಡು ಬ್ಯಾಕ್ಟೀರಿಯಾ: ಚರ್ಮ, ಗಾಯ, ಡಯಾಲಿಸಿಸ್ ನಳಿಕೆಗಳ ಮೂಲಕ ರಕ್ತಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಮತ್ತು ಆಹಾರ, ನೀರಿನ ಮೂಲಕ ಬರುವ ಸಾಲ್ಮೊನೆಲ್ಲಾ. ಪಾಶ್ಚಾತ್ಯ ದೇಶಗಳಲ್ಲಿ ಒಟ್ಟು ಮಹಾಪಧಮನಿ ಅನ್ಯೂರಿಸಂಗಳಲ್ಲಿ ಸೋಂಕಿನಿಂದ ಆದವು ಶೇ. 3ಕ್ಕಿಂತ ಕಡಿಮೆ. ಪೂರ್ವ ಏಷ್ಯಾದಲ್ಲಿ, ಮುಖ್ಯವಾಗಿ ತೈವಾನ್‌ನ ವರದಿಗಳಲ್ಲಿ, ಈ ಪಾಲು ಅದಕ್ಕಿಂತ ಹೆಚ್ಚು. ಅಲ್ಲಿ ಸಾಲ್ಮೊನೆಲ್ಲಾ ಮೊದಲ ಸ್ಥಾನದಲ್ಲಿದೆ.

ನಿರೋಧಕ ಶಕ್ತಿ ಕುಂದಿದವರಿಗೇ ಏಕೆ?

ಸಾಲ್ಮೊನೆಲ್ಲಾದಿಂದ ಭೇದಿಯಾದವರಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ದಾಟುವುದು ಸುಮಾರು ಶೇ. 5 ಮಂದಿಯಲ್ಲಿ ಮಾತ್ರ. ಉಳಿದವರ ಕರುಳಿನ ಗೋಡೆ ಮತ್ತು ಬಿಳಿ ರಕ್ತಕಣಗಳು ಅದನ್ನು ಅಲ್ಲೇ ತಡೆಯುತ್ತವೆ. ಆದರೆ 50 ವರ್ಷ ದಾಟಿದವರ ರಕ್ತದಲ್ಲಿ ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ಸಿಕ್ಕಿತು ಎಂದಾದರೆ, ಅಂಥವರಲ್ಲಿ ಶೇ. 10ರಿಂದ 25ರಷ್ಟು ಮಂದಿಗೆ ರಕ್ತನಾಳದ ಅಥವಾ ಹೃದಯದ ಒಳಗೋಡೆಯ ಸೋಂಕು ಇರಬಹುದು ಎನ್ನುತ್ತವೆ ವಿವಿಧ ಅಧ್ಯಯನಗಳು. ಇದು ಸಣ್ಣ ಸಂಖ್ಯೆಯಲ್ಲ. ಬ್ಲಡ್ ಕಲ್ಚರ್ ವರದಿಯಲ್ಲಿ ಈ ಹೆಸರು ಬಂದರೆ ವೃದ್ಧ ರೋಗಿಯ ಮಹಾಪಧಮನಿಯನ್ನು ಒಮ್ಮೆ ನೋಡಲೇಬೇಕು ಎಂದು ಸೋಂಕು ತಜ್ಞರು ಹೇಳುವುದು ಇದೇ ಕಾರಣಕ್ಕೆ.

ನಿರೋಧಕ ಶಕ್ತಿ ಕುಂದಿದೆ ಎಂದ ಕೂಡಲೇ ನಮಗೆ ಎಚ್‌ಐವಿಯೋ ಕ್ಯಾನ್ಸರೋ ನೆನಪಾಗುತ್ತದೆ. ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಸಕ್ಕರೆ ಕಾಯಿಲೆ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ರಕ್ತದಲ್ಲಿ ಸಕ್ಕರೆ ಅಂಶ ಏರಿಯೇ ಇದ್ದರೆ ಬ್ಯಾಕ್ಟೀರಿಯಾವನ್ನು ನುಂಗುವ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ. ಅದೇ ಸಕ್ಕರೆ ರಕ್ತನಾಳದ ಗೋಡೆಯನ್ನೂ ಹಾಳು ಮಾಡಿರುತ್ತದೆ. ಅಂದರೆ ಕಾವಲೂ ಸಡಿಲ, ಗೋಡೆಯೂ ಸಡಿಲ.

ಕಿಡ್ನಿ ಕಸಿ ಮಾಡಿಸಿಕೊಂಡು ಔಷಧ ತೆಗೆದುಕೊಳ್ಳುವವರು, ಡಯಾಲಿಸಿಸ್‌ನಲ್ಲಿರುವವರು, ಲಿವರ್ ಸಿರೋಸಿಸ್ ಇರುವವರು, ಕೀಮೋಥೆರಪಿ ಪಡೆಯುತ್ತಿರುವವರು, ಸಂಧಿವಾತಕ್ಕೋ ಆಸ್ತಮಾಗೋ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುವವರು, ಅತಿಯಾಗಿ ಮದ್ಯ ಕುಡಿಯುವವರು ಕೂಡ ಇದೇ ಗುಂಪಿಗೆ ಸೇರುತ್ತಾರೆ. ಎಚ್‌ಐವಿ ಇರುವವರಲ್ಲಿ ಸಾಲ್ಮೊನೆಲ್ಲಾ ಮತ್ತೆ ಮತ್ತೆ ರಕ್ತಕ್ಕೆ ಬರುವುದನ್ನು ಏಡ್ಸ್ ಹಂತದ ಲಕ್ಷಣವೆಂದೇ 1987ರಿಂದ ಪರಿಗಣಿಸಲಾಗುತ್ತಿದೆ. ಸ್ಟಿರಾಯ್ಡ್‌ನಿಂದ ಇನ್ನೊಂದು ತೊಂದರೆಯೂ ಇದೆ. ಅದು ಜ್ವರವನ್ನೂ ನೋವನ್ನೂ ಮುಚ್ಚಿಡುತ್ತದೆ. ಥರ್ಮಾಮೀಟರ್ 99 ಡಿಗ್ರಿ ತೋರಿಸುತ್ತಿದ್ದರೂ ಒಳಗೆ ಸೋಂಕು ಬೆಳೆಯುತ್ತಿರಬಹುದು.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ‘ಗ್ಯಾಸ್ ಮಾತ್ರೆ’. ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ! ಹೊಟ್ಟೆಯ ಆಮ್ಲ ಸಾಲ್ಮೊನೆಲ್ಲಾವನ್ನು ಕೊಲ್ಲುವ ಮೊದಲ ಕಾವಲುಗಾರ. ಆಮ್ಲ ತಗ್ಗಿದರೆ ಸ್ವಲ್ಪವೇ ಬ್ಯಾಕ್ಟೀರಿಯಾ ಒಳಹೊಕ್ಕರೂ ಕಾಯಿಲೆ ಬರಬಲ್ಲದು. ವೈದ್ಯರು ಹೇಳಿದ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ. ಯಾರೂ ಹೇಳದೆ ವರ್ಷಗಟ್ಟಲೆ ನುಂಗುತ್ತಿದ್ದರೆ ಮಾತ್ರ, ಬೇಕೇ ಎಂದು ಒಮ್ಮೆ ವೈದ್ಯರನ್ನು ಕೇಳಿ.

ಲಂಕಾ: ಯಾತ್ರಿಕರೂ ರೋಗಿಗಳೂ ಸೇರುವ ಜಾಗ

ವಾರಾಣಸಿಯ ದಕ್ಷಿಣ ಭಾಗದಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರಿಗಿರುವ ಬಡಾವಣೆಯ ಹೆಸರು ಲಂಕಾ. ರಾಮಲೀಲೆಯ ಲಂಕಾ ಪ್ರಸಂಗ ಅಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂತು ಎನ್ನುತ್ತಾರೆ ಸ್ಥಳೀಯರು. ಈಗ ಅಲ್ಲಿ ಕಾಣುವುದು ಔಷಧ ಅಂಗಡಿಗಳು, ಲ್ಯಾಬ್‌ಗಳು, ಸ್ಕ್ಯಾನಿಂಗ್ ಕೇಂದ್ರಗಳು. ಕಾರಣ ಸ್ಪಷ್ಟ. ದ್ವಾರದ ಒಳಗೆ ವಿವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಸರ್ ಸುಂದರಲಾಲ್ ಆಸ್ಪತ್ರೆ ಇವೆ. ಪೂರ್ವ ಉತ್ತರ ಪ್ರದೇಶವಷ್ಟೇ ಅಲ್ಲ, ಬಿಹಾರ, ಜಾರ್ಖಂಡ್, ಛತ್ತೀಸ್‌ಗಢ, ಮಧ್ಯಪ್ರದೇಶದ ಗಡಿ ಜಿಲ್ಲೆಗಳು ಮತ್ತು ನೇಪಾಳದಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ವಿವಿ ಆವರಣದಲ್ಲೇ ಮಹಾಮನ ಪಂಡಿತ ಮದನ ಮೋಹನ ಮಾಳವೀಯ ಕ್ಯಾನ್ಸರ್ ಕೇಂದ್ರ 2019ರ ಫೆಬ್ರುವರಿಯಲ್ಲಿ ಆರಂಭವಾಯಿತು. ಕೀಮೋಥೆರಪಿ, ಡಯಾಲಿಸಿಸ್, ಎಚ್‌ಐವಿ ಚಿಕಿತ್ಸೆಗೆಂದು ಬರುವ, ಅಂದರೆ ನಿರೋಧಕ ಶಕ್ತಿ ಕುಂದಿರುವ ಸಾವಿರಾರು ಮಂದಿ ಓಡಾಡುವ ಜಾಗ ಇದು.

ಇದೇ ರಸ್ತೆಗಳಲ್ಲಿ ಯಾತ್ರಿಕರೂ ಇರುತ್ತಾರೆ. ಅಸ್ಸಿ ಘಾಟ್ ಇಲ್ಲಿಂದ ಸ್ವಲ್ಪವೇ ದೂರ. ಜಂಗಮವಾಡಿ ಮಠ, ಕರ್ನಾಟಕ ಘಾಟ್‌ಗೆ ಬರುವ ಕನ್ನಡಿಗರಿಗೆ ಲಂಕಾ ಗೊತ್ತಿರುವ ಹೆಸರೇ. ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲಿಗೆ 2022ರ ನವೆಂಬರ್ 11ರಂದು ಪ್ರಧಾನಿ ಹಸಿರು ನಿಶಾನೆ ತೋರಿದ ಮೇಲೆ, ರಾಜ್ಯ ಸರ್ಕಾರದ ಸಹಾಯಧನವೂ ಸೇರಿ, ಕಾಶಿ ಕಂಡು ಬರುವ ಹಿರಿಯರಿಗೆ ದಾರಿ ಸುಲಭವಾಗಿದೆ. ಹಿರಿಯರು ಎಂದ ಮೇಲೆ ಬಿಪಿ, ಶುಗರ್ ಮಾತ್ರೆಗಳ ಡಬ್ಬಿ ಜತೆಗಿದ್ದೇ ಇರುತ್ತದೆ.

ಗಂಗಾಸ್ನಾನ ಮಾಡಿದವರಿಗೆಲ್ಲ ಮಹಾಪಧಮನಿಯ ಸೋಂಕು ಬರುತ್ತದೆ ಎಂದು ಯಾರೂ ಹೇಳುವುದಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ನದಿಯ ನೀರಿಗೆ ಮಲಿನ ನೀರು ಸೇರುತ್ತಿರುವುದು ಸುಳ್ಳಲ್ಲ. ತುಳಸಿ ಘಾಟ್‌ನಲ್ಲಿರುವ ಸಂಕಟ ಮೋಚನ ಫೌಂಡೇಷನ್‌ನ ಪ್ರಯೋಗಾಲಯ ದಶಕಗಳಿಂದ ನೀರನ್ನು ಪರೀಕ್ಷಿಸುತ್ತಾ ಬಂದಿದೆ. ಅದನ್ನು ಕಟ್ಟಿದ ವೀರಭದ್ರ ಮಿಶ್ರಾ ಸಂಕಟ ಮೋಚನ ದೇವಸ್ಥಾನದ ಮಹಂತರೂ ಆಗಿದ್ದರು, ಬಿಎಚ್‌ಯುನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಮಲದಿಂದ ಬರುವ ಕೋಲಿಫಾರಂ ಬ್ಯಾಕ್ಟೀರಿಯಾ ಪ್ರತಿ 100 ಮಿಲಿ ಲೀಟರ್‌ಗೆ 500ರ ಒಳಗಿದ್ದರೆ ಒಳ್ಳೆಯದು, 2,500 ಮೀರಲೇಬಾರದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಘಾಟ್‌ಗಳ ನೀರು ಈ ಮಿತಿ ಮೀರಿದ ವರದಿಗಳು ಹಲವು ಬಾರಿ ಬಂದಿವೆ. ಟೈಫಾಯ್ಡ್ ಈ ಪ್ರದೇಶಕ್ಕೆ ಹೊಸದಲ್ಲ. ಪಿತ್ತಕೋಶದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಅಡಗಿರುವುದಕ್ಕೂ ಪಿತ್ತಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ಬಿಎಚ್‌ಯು ಸಂಶೋಧಕರೇ ಅಧ್ಯಯನ ಮಾಡಿದ್ದಾರೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮಹಾಪಧಮನಿಗೆ ಹೆಚ್ಚಾಗಿ ತಗುಲುವುದು ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಅಲ್ಲ. ಅರೆಬೆಂದ ಮೊಟ್ಟೆ, ಮಾಂಸ, ಕಾಯಿಸದ ಹಾಲು, ಕೊಳಕು ನೀರಿನಿಂದ ಬರುವ ಅದರ ಸೋದರ ಬಗೆಗಳು. ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡಿದ್ದರೂ ಇವುಗಳಿಂದ ರಕ್ಷಣೆ ಸಿಗುವುದಿಲ್ಲ.

ನಿಜವಾದ ಸಮಸ್ಯೆ ಇರುವುದು ಸಮಯದ ಅಂತರದಲ್ಲಿ. ಹೊಟ್ಟೆ ಕೆಡುವುದು ಕಾಶಿಯಲ್ಲಿ, ಜ್ವರ ಬರುವುದು ಹುಬ್ಬಳ್ಳಿಯಲ್ಲೋ ಮಂಡ್ಯದಲ್ಲೋ. ನಡುವೆ ಎರಡು ಮೂರು ವಾರ ಕಳೆದಿರುತ್ತದೆ. ಊರಿನ ವೈದ್ಯರ ಮುಂದೆ ಕುಳಿತಾಗ ಬೆನ್ನುನೋವಿನ ಮಾತು ಬರುತ್ತದೆ, ಭೇದಿಯ ಮಾತು ಬರುವುದೇ ಇಲ್ಲ. ಎರಡನ್ನೂ ಕೂಡಿಸಿ ಹೇಳುವವರು ಮನೆಯವರೇ ಆಗಬೇಕು.

ಕರಾವಳಿಯ ಮಣ್ಣಿನಲ್ಲಿರುವ ಇನ್ನೊಂದು ಶತ್ರು

ಕರ್ನಾಟಕದಲ್ಲೇ ಇರುವವರಿಗೆ, ಮುಖ್ಯವಾಗಿ ಉಡುಪಿ, ದಕ್ಷಿಣ ಕನ್ನಡ ಭಾಗದವರಿಗೆ, ಬೇರೊಂದು ಬ್ಯಾಕ್ಟೀರಿಯಾದ ಪರಿಚಯ ಅಗತ್ಯ. ಅದರ ಹೆಸರು ಬರ್ಕೋಲ್ಡೇರಿಯಾ ಸ್ಯೂಡೊಮಲ್ಲೈ, ಅದು ತರುವ ರೋಗ ಮೆಲಿಯಾಯ್ಡೋಸಿಸ್. ಗದ್ದೆಯ ಕೆಸರು, ಮಳೆಗಾಲದ ಒದ್ದೆ ಮಣ್ಣಿನಲ್ಲಿ ಬದುಕುವ ಇದು ಕಾಲಿನ ಗಾಯದ ಮೂಲಕ, ಉಸಿರಿನ ಮೂಲಕ ಅಥವಾ ನೀರಿನ ಮೂಲಕ ದೇಹಕ್ಕೆ ಸೇರುತ್ತದೆ. 1911ರಲ್ಲಿ ರಂಗೂನ್‌ನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿದರು. ಭಾರತದಲ್ಲಿ ಇದರ ಬಗ್ಗೆ ಹೆಚ್ಚು ಕೆಲಸ ನಡೆದಿರುವ ಕೇಂದ್ರಗಳಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಪ್ರಮುಖವಾದದ್ದು. ಅಲ್ಲಿಗೆ ಬರುವ ಪ್ರಕರಣಗಳು ಮಳೆಗಾಲದಲ್ಲಿ ಏರುತ್ತವೆ. ರೋಗಿಗಳಲ್ಲಿ ಹೆಚ್ಚಿನವರು ಮಧುಮೇಹಿಗಳು.

ಮೆಲಿಯಾಯ್ಡೋಸಿಸ್ ಸಾಮಾನ್ಯವಾಗಿ ಶ್ವಾಸಕೋಶ, ಲಿವರ್, ಗುಲ್ಮ, ಕೀಲುಗಳಲ್ಲಿ ಕೀವು ಮಾಡುತ್ತದೆ. ಅಪರೂಪಕ್ಕೆ ಮಹಾಪಧಮನಿಯನ್ನೂ ಹಿಡಿಯುತ್ತದೆ. ಹಿಡಿದರೆ ಬಿಡಿಸುವುದು ಕಷ್ಟ. ಯಾಕೆಂದರೆ ಜ್ವರದ ರೋಗಿಗೆ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್, ಜೆಂಟಾಮೈಸಿನ್‌ಗಳಿಗೆ ಇದು ಬಗ್ಗುವುದಿಲ್ಲ. ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಂ ಬೇಕು. ರಕ್ತನಾಳಕ್ಕೆ ತಗುಲಿದ್ದರೆ 8 ವಾರ ಇಂಜೆಕ್ಷನ್, ನಂತರ 6 ತಿಂಗಳು ಕೋ-ಟ್ರೈಮೊಕ್ಸಜೋಲ್ ಮಾತ್ರೆ ಎನ್ನುತ್ತದೆ ಆಸ್ಟ್ರೇಲಿಯಾದ ಡಾರ್ವಿನ್ ನಗರದ ವೈದ್ಯರು ರೂಪಿಸಿರುವ ಮಾರ್ಗಸೂಚಿ. ಅನುಭವವಿಲ್ಲದ ಲ್ಯಾಬ್‌ನಲ್ಲಿ ಇದನ್ನು ‘ಸ್ಯೂಡೊಮೊನಾಸ್’ ಎಂದು ತಪ್ಪಾಗಿ ಗುರುತಿಸುವ, ಅಥವಾ ಹೊರಗಿನಿಂದ ಸೇರಿಕೊಂಡ ಕಲ್ಮಶ ಎಂದು ಬಿಟ್ಟುಬಿಡುವ ಅಪಾಯವಿದೆ. ಗದ್ದೆ ಕೆಲಸ ಮಾಡುವ ಮಧುಮೇಹಿಗೆ ಮಳೆಗಾಲದಲ್ಲಿ ಬಂದ ಜ್ವರ ವಾರ ಕಳೆದರೂ ಇಳಿಯದಿದ್ದರೆ ‘ಇದು ಮೆಲಿಯಾಯ್ಡೋಸಿಸ್ ಇರಬಹುದೇ’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಕ್ಷಯವನ್ನೂ ಮರೆಯುವಂತಿಲ್ಲ. ಬೆನ್ನುಮೂಳೆಯ ಅಥವಾ ಎದೆಯ ದುಗ್ಧಗ್ರಂಥಿಗಳ ಟಿಬಿ ಪಕ್ಕದ ಮಹಾಪಧಮನಿಗೆ ಹಬ್ಬಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೂತ್ರಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿ ಬಿಸಿಜಿ ಹಾಕಿಸಿಕೊಂಡ ಕೆಲವರಲ್ಲಿ, ತಿಂಗಳುಗಳ ನಂತರ ಅದೇ ದುರ್ಬಲ ಟಿಬಿ ಬ್ಯಾಕ್ಟೀರಿಯಾ ಮಹಾಪಧಮನಿಯಲ್ಲಿ ಕಾಣಿಸಿಕೊಂಡದ್ದೂ ಇದೆ. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಎಂಬ ಬ್ಯಾಕ್ಟೀರಿಯಾ ನಾಳದ ಗೋಡೆಯಲ್ಲಿ ಸಿಕ್ಕರೆ ವೈದ್ಯರು ಕೂಡಲೇ ಕೊಲೊನೋಸ್ಕೋಪಿ ಮಾಡಿಸಲು ಹೇಳುತ್ತಾರೆ. ದೊಡ್ಡ ಕರುಳಿನಲ್ಲಿ ಗೊತ್ತಿಲ್ಲದ ಕ್ಯಾನ್ಸರ್ ಇರುವ ಸಾಧ್ಯತೆ ಅಷ್ಟು ಹೆಚ್ಚು.

ಲಕ್ಷಣಗಳೇನು? ಎಲ್ಲಿ ಎಡವುತ್ತೇವೆ?

ಪಠ್ಯಪುಸ್ತಕ ಹೇಳುವುದು ಮೂರು ಲಕ್ಷಣ: ಜ್ವರ, ಬೆನ್ನು ಅಥವಾ ಹೊಟ್ಟೆನೋವು, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ. ಮೂರೂ ಒಟ್ಟಿಗೆ ಸಿಗುವ ರೋಗಿಗಳು ಕಡಿಮೆ. ಗಡ್ಡೆ ಕೈಗೆ ಸಿಗುವಷ್ಟಾದರೆ ಆಗಲೇ ತಡವಾಗಿರಬಹುದು. ಎದೆಯ ಭಾಗದಲ್ಲಿ ಸೋಂಕಾದರೆ ಎದೆನೋವು, ಕೆಮ್ಮು, ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟವಾಗುವುದು ಕಾಣಿಸಬಹುದು. ಚಳಿ, ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಎಲ್ಲ ದೀರ್ಘ ಸೋಂಕುಗಳಲ್ಲೂ ಇರುವಂಥವೇ.

ಈ ನೋವಿಗೆ ಒಂದು ಗುಣವಿದೆ. ಸ್ನಾಯು ಉಳುಕಿದ ನೋವು ಮಲಗಿದರೆ ಕಡಿಮೆಯಾಗುತ್ತದೆ, ಬಗ್ಗಿದರೆ ಹೆಚ್ಚಾಗುತ್ತದೆ. ಮಹಾಪಧಮನಿಯ ನೋವು ಸಾಮಾನ್ಯವಾಗಿ ಹೇಗೆ ಮಲಗಿದರೂ ಬಿಡುವುದಿಲ್ಲ, ರಾತ್ರಿಯೂ ಕಾಡುತ್ತದೆ. ಇದೊಂದರಿಂದಲೇ ರೋಗ ನಿರ್ಧಾರವಾಗದು, ಆದರೆ ಜ್ವರದ ಜತೆ ಇಂಥ ನೋವಿದ್ದರೆ ಮುಲಾಮು ಹಚ್ಚಿ ಕಾಯುವಂತಿಲ್ಲ.

ಆಸ್ಪತ್ರೆಗೆ ಹೋದ ಮೇಲೂ ಇದನ್ನು ಕಿಡ್ನಿ ಕಲ್ಲು, ಸಯಾಟಿಕಾ, ಮೂತ್ರದ ಸೋಂಕು, ಮರುಕಳಿಸಿದ ಟೈಫಾಯ್ಡ್, ಬೆನ್ನುಮೂಳೆಯ ಟಿಬಿ ಎಂದುಕೊಳ್ಳುವುದುಂಟು. ಎಲ್ಲವೂ ಇದಕ್ಕಿಂತ ಸಾಮಾನ್ಯ ಕಾಯಿಲೆಗಳೇ ಆದ್ದರಿಂದ ವೈದ್ಯರನ್ನು ದೂರಿ ಫಲವಿಲ್ಲ. ಆದರೆ ಆ ಕಾಯಿಲೆಯ ಔಷಧಕ್ಕೆ ರೋಗಿ ಸ್ಪಂದಿಸದಿದ್ದಾಗ ಮತ್ತೆ ಮೊದಲಿನಿಂದ ಯೋಚಿಸಬೇಕು. ನಾಳದ ಸುತ್ತಲಿನ ಸೋಂಕು ಬೆನ್ನುಮೂಳೆಗೂ, ಅದರ ಪಕ್ಕದ ಸೋಯಾಸ್ ಸ್ನಾಯುವಿಗೂ ಹರಡುವುದರಿಂದ ಎಂಆರ್‌ಐನಲ್ಲಿ ‘ಬೆನ್ನುಮೂಳೆಯ ಸೋಂಕು’ ಎಂಬ ಅರ್ಧ ಸತ್ಯವಷ್ಟೇ ಕಂಡು, ಮುಂದಿರುವ ನಾಳ ಕಣ್ತಪ್ಪುವ ಸಾಧ್ಯತೆಯೂ ಇದೆ.

ಇದ್ದಕ್ಕಿದ್ದಂತೆ ತೀವ್ರವಾಗುವ ಹೊಟ್ಟೆ ಅಥವಾ ಬೆನ್ನುನೋವು, ತಲೆಸುತ್ತಿ ಬೀಳುವುದು, ರಕ್ತವಾಂತಿ, ಟಾರಿನಂತೆ ಕಪ್ಪಾದ ಮಲ: ಇವು ನಾಳ ಒಡೆಯುತ್ತಿರುವ ಅಥವಾ ಕರುಳಿಗೆ ತೂತಾಗಿರುವ ಸೂಚನೆ ಆಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಬೇಕು.

ಪತ್ತೆ ಹಚ್ಚುವುದು ಹೇಗೆ?

ಮೊದಲ ಹೆಜ್ಜೆ ಬ್ಲಡ್ ಕಲ್ಚರ್. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುವ ಪರೀಕ್ಷೆ ಇದು. ಮಹಾಪಧಮನಿಯ ಸೋಂಕಿನಲ್ಲಿ ಅರ್ಧದಿಂದ ಮುಕ್ಕಾಲು ಪಾಲು ರೋಗಿಗಳಲ್ಲಿ ಮಾತ್ರ ಇದು ಪಾಸಿಟಿವ್ ಬರುತ್ತದೆ. ಅಂದರೆ ನೆಗೆಟಿವ್ ಬಂದರೆ ಸೋಂಕಿಲ್ಲ ಎಂದಲ್ಲ. ನಾವೇ ಕೈಯಾರೆ ಇದನ್ನು ಕೆಡಿಸುವುದೂ ಇದೆ. ಮೆಡಿಕಲ್ ಶಾಪ್‌ನಿಂದ ಮೂರು ದಿನದ ಆಂಟಿಬಯೋಟಿಕ್ ತಂದು ನುಂಗಿದರೆ ಜ್ವರ ತುಸು ಇಳಿಯುತ್ತದೆ, ರಕ್ತದಲ್ಲಿನ ಬ್ಯಾಕ್ಟೀರಿಯಾ ಅಡಗುತ್ತದೆ, ಗೋಡೆಯೊಳಗಿನದು ಹಾಗೆಯೇ ಉಳಿಯುತ್ತದೆ. ನಂತರ ಮಾಡಿಸಿದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆದ್ದರಿಂದ ಆಂಟಿಬಯೋಟಿಕ್ ಶುರುವಾಗುವ ಮೊದಲೇ ರಕ್ತ ತೆಗೆಯುವುದು ಮುಖ್ಯ. ಈಗಾಗಲೇ ನುಂಗಿದ್ದರೆ ಯಾವ ಮಾತ್ರೆ, ಎಷ್ಟು ದಿನ ಎಂದು ಮುಚ್ಚಿಡದೆ ಹೇಳಿ.

ಎರಡನೆಯದು ಕಾಂಟ್ರಾಸ್ಟ್ ಬಣ್ಣ ಹಾಕಿ ಮಾಡುವ ಸಿಟಿ ಆಂಜಿಯೋಗ್ರಫಿ. ನಾಳದ ಒಂದು ಬದಿಗೆ ಅಂಕುಡೊಂಕಾಗಿ ಉಬ್ಬಿದ ಚೀಲ, ಸುತ್ತಲಿನ ಕೊಬ್ಬಿನಲ್ಲಿ ಊತ, ಕೆಲವೊಮ್ಮೆ ಗೋಡೆಯಲ್ಲಿ ಗಾಳಿಯ ಗುಳ್ಳೆ ಕಂಡರೆ ಸೋಂಕು ಎಂಬ ಅನುಮಾನ ಬಲವಾಗುತ್ತದೆ. ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯ ಭಾಗದ ಉಬ್ಬು ಕಾಣಬಹುದು. ಆದರೆ ಇನ್ನೂ ಉಬ್ಬದ ಆರಂಭದ ಸೋಂಕು, ಎದೆಯ ಭಾಗದ ಸೋಂಕು ಅದರಲ್ಲಿ ಸಿಗುವುದು ಕಷ್ಟ. ಕಿಡ್ನಿ ತೊಂದರೆ ಇರುವ ಮಧುಮೇಹಿಗಳಿಗೆ ಕಾಂಟ್ರಾಸ್ಟ್‌ನ ಬಗ್ಗೆ ಭಯವಿರುವುದು ಸಹಜ. ಕ್ರಿಯೇಟಿನಿನ್ ನೋಡಿ, ಮೆಟ್‌ಫಾರ್ಮಿನ್ ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣದೆ, ಜ್ವರ ಮಾತ್ರ ಮುಂದುವರಿದರೆ ಕೆಲವು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದುಂಟು. ಪೆಟ್-ಸಿಟಿಯೂ ಸೋಂಕಿರುವ ಜಾಗ ತೋರಿಸಬಲ್ಲದು. ಅದು ದುಬಾರಿ, ಎಲ್ಲ ಕಡೆ ಇಲ್ಲ.

ಚಿಕಿತ್ಸೆ: ಔಷಧ ಮಾತ್ರ ಸಾಕೇ?

ಬಹುಪಾಲು ಸಂದರ್ಭಗಳಲ್ಲಿ ಸಾಲದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಕೊಳೆತ ಗೋಡೆಯನ್ನು ಸರಿಮಾಡಲಾರದು. ಕನಿಷ್ಠ 6 ವಾರ, ಹೆಚ್ಚಿನ ಬಾರಿ ಅದಕ್ಕೂ ಮೀರಿ ಔಷಧ ಕೊಡಬೇಕು, ಜತೆಗೆ ಹಾಳಾದ ಭಾಗಕ್ಕೆ ಶಸ್ತ್ರಚಿಕಿತ್ಸೆ ಬೇಕು.

ಹಳೆಯ ವಿಧಾನವೆಂದರೆ ಹೊಟ್ಟೆ ಅಥವಾ ಎದೆ ತೆರೆದು ಸೋಂಕಿನ ಭಾಗವನ್ನು ಕತ್ತರಿಸಿ ತೆಗೆದು, ಕೀವು ಶುಚಿ ಮಾಡಿ, ಅಲ್ಲಿ ಬದಲಿ ನಾಳ ಜೋಡಿಸುವುದು. ಸೋಂಕು ತೀವ್ರವಾಗಿದ್ದರೆ ಆ ಜಾಗವನ್ನೇ ಬಿಟ್ಟು ಕಂಕುಳಿನ ರಕ್ತನಾಳದಿಂದ ತೊಡೆಗೆ ಚರ್ಮದಡಿ ನಳಿಕೆ ಎಳೆದು ಕಾಲುಗಳಿಗೆ ರಕ್ತ ಒದಗಿಸುತ್ತಾರೆ. ಹೊಸ ವಿಧಾನದಲ್ಲಿ ತೊಡೆಯ ರಕ್ತನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟ್ ಕಳುಹಿಸಿ ಒಳಗಿನಿಂದಲೇ ಉಬ್ಬನ್ನು ಮುಚ್ಚುತ್ತಾರೆ. ವಯಸ್ಸಾದ, ದೊಡ್ಡ ಆಪರೇಷನ್ ತಡೆಯಲಾರದ ರೋಗಿಗೆ ಇದು ಜೀವ ಉಳಿಸುತ್ತದೆ. ಆದರೆ ಸೋಂಕಿರುವ ಜಾಗದಲ್ಲೇ ಹೊರಗಿನ ವಸ್ತು ಇಟ್ಟಂತಾಯಿತು, ಸೋಂಕು ಮರುಕಳಿಸುವ ಭಯ ಇದ್ದೇ ಇರುತ್ತದೆ. ಯುರೋಪಿನ 16 ಆಸ್ಪತ್ರೆಗಳಲ್ಲಿ 1999ರಿಂದ 2013ರವರೆಗೆ ಹೀಗೆ ಸ್ಟೆಂಟ್ ಪಡೆದ 123 ರೋಗಿಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಒಂದು ತಿಂಗಳ ನಂತರ ಶೇ. 91, ಒಂದು ವರ್ಷದ ನಂತರ ಶೇ. 75, ಐದು ವರ್ಷದ ನಂತರ ಶೇ. 55 ಮಂದಿ ಬದುಕಿದ್ದರು. ಒಂದು ಕಾಲದಲ್ಲಿ ಸಾವು ಖಚಿತ ಎನ್ನುವಂತಿದ್ದ ಕಾಯಿಲೆಗೆ ಇದು ಆಶಾದಾಯಕ ಲೆಕ್ಕವೇ. ಆದರೂ ಐದು ವರ್ಷದ ಅಂಕಿಯನ್ನು ನೋಡಿದರೆ ಈ ಕಾಯಿಲೆ ಎಷ್ಟು ಗಂಭೀರ ಎಂಬುದು ತಿಳಿಯುತ್ತದೆ. ಸ್ಟೆಂಟ್ ಹಾಕಿಸಿಕೊಂಡ ಕೆಲವರು ಜೀವನಪರ್ಯಂತ ಆಂಟಿಬಯೋಟಿಕ್ ಮಾತ್ರೆ ನುಂಗಬೇಕಾಗುತ್ತದೆ, ನಿಗದಿತ ಸಮಯಕ್ಕೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಔಷಧದ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಹೊಟ್ಟೆ ಕೆಟ್ಟರೆ ನಮ್ಮಲ್ಲಿ ಮೊದಲು ನೆನಪಾಗುವ ಸಿಪ್ರೊಫ್ಲೊಕ್ಸಾಸಿನ್, ಒಫ್ಲೊಕ್ಸಾಸಿನ್ ಗುಂಪಿನ ಮಾತ್ರೆಗಳು ಅನ್ಯೂರಿಸಂ ಇರುವವರಲ್ಲಿ ನಾಳ ಒಡೆಯುವ ಅಪಾಯ ಹೆಚ್ಚಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಬೇರೆ ಔಷಧವಿಲ್ಲದಾಗ ವೈದ್ಯರು ಯೋಚಿಸಿ ಕೊಡಬಹುದು. ನಾವೇ ಅಂಗಡಿಯಲ್ಲಿ ಕೇಳಿ ಕೊಳ್ಳುವ ಮಾತ್ರೆ ಮಾತ್ರ ಅದಲ್ಲ.

ಇಂಥ ಶಸ್ತ್ರಚಿಕಿತ್ಸೆಗೆ ಹೃದಯ ಮತ್ತು ರಕ್ತನಾಳ ಶಸ್ತ್ರಚಿಕಿತ್ಸಾ ವಿಭಾಗ, ಸೋಂಕು ತಜ್ಞರು, ಒಳ್ಳೆಯ ಮೈಕ್ರೋಬಯಾಲಜಿ ಲ್ಯಾಬ್ ಒಂದೇ ಕಡೆ ಇರಬೇಕು. ಲಂಕಾದ ಬಿಎಚ್‌ಯು ಆಸ್ಪತ್ರೆ, ನಮ್ಮಲ್ಲಿ ಬೆಂಗಳೂರು, ಮಣಿಪಾಲದಂಥ ಕಡೆಗಳ ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ವ್ಯವಸ್ಥೆ ಇದೆ. ಖರ್ಚು ದೊಡ್ಡದು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಕಾರ್ಡ್ ನಡೆಯುತ್ತದೆ. ಸ್ಟೆಂಟ್‌ನ ಬೆಲೆ ಪ್ಯಾಕೇಜ್‌ನಲ್ಲಿ ಸೇರಿದೆಯೇ ಎಂದು ದಾಖಲಾಗುವಾಗಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ.

ಯಾತ್ರೆಗೆ ಹೊರಡುವ ಮುನ್ನ

ಮಧುಮೇಹವಿರುವ ಹಿರಿಯರು ಹೊರಡುವ ಮೊದಲು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಸಕ್ಕರೆ ಹತೋಟಿಯಲ್ಲಿದೆಯೇ ನೋಡಿಕೊಳ್ಳಲಿ. ಕುದಿಸಿದ ಅಥವಾ ಸೀಲ್ ಮಾಡಿದ ನೀರು, ಬಿಸಿಬಿಸಿಯಾಗಿ ಬಡಿಸಿದ ಊಟ ಮಾತ್ರ ಸಾಕು. ತೀರ್ಥವೆಂದು ಗಂಗಾಜಲ ಕುಡಿಯುವ ಮನಸ್ಸಿದ್ದರೆ, ಕಿಡ್ನಿ ಕಸಿಯಾದವರು ಮತ್ತು ಕೀಮೋಥೆರಪಿಯಲ್ಲಿರುವವರು ಪ್ರೋಕ್ಷಣೆಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಅಲ್ಲಿ ಭೇದಿಯ ಜತೆ ಜ್ವರವೂ ಬಂದರೆ ಹೋಟೆಲ್ ಕೋಣೆಯಲ್ಲಿ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಯಲ್ಲಿ ತೋರಿಸಿ. ಸ್ಟಿರಾಯ್ಡ್ ಅಥವಾ ಕಸಿ ಔಷಧ ತೆಗೆದುಕೊಳ್ಳುತ್ತಿರುವ ವಿಷಯವನ್ನು ಮೊದಲೇ ಹೇಳಿ, ಆ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಬ್ಲಡ್ ಕಲ್ಚರ್‌ಗೆ ರಕ್ತ ಕೊಟ್ಟಿದ್ದರೆ ಅದರ ವರದಿ ಬರಲು 2ರಿಂದ 5 ದಿನ ಬೇಕು, ಅಷ್ಟರಲ್ಲಿ ನಿಮ್ಮ ರೈಲು ನಾಗಪುರ ದಾಟಿರಬಹುದು. ಲ್ಯಾಬ್‌ನ ಫೋನ್ ನಂಬರ್ ಮತ್ತು ರಸೀದಿ ಇಟ್ಟುಕೊಂಡು ವರದಿಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಅದರಲ್ಲಿ ಸಾಲ್ಮೊನೆಲ್ಲಾ ಎಂಬ ಹೆಸರಿದ್ದರೆ, ಜ್ವರ ಆಗಲೇ ನಿಂತಿದ್ದರೂ, ಊರಿನ ವೈದ್ಯರಿಗೆ ಅದೇ ದಿನ ತೋರಿಸಿ.